ಪೇಟೆಯ ಓತಿ ನಿಜವಾಗಲೂ ಹೆಚ್ಚು ಕೆಂಪಾ? ಫೋಟೋದಿಂದ ಬಣ್ಣ ಅಳೆಯಲು ಹೋದ ಒಂದು ಪ್ರಕರಣ

ಪ್ರಾಣಿಗಳ ಬಣ್ಣವನ್ನು ಫೋಟೋದಿಂದ ಅಳೆಯಬೇಕು ಅಂದುಕೊಂಡಿರುವ ವಿದ್ಯಾರ್ಥಿಗಳು ಈಗ ಜಾಸ್ತಿ ಆಗುತ್ತಿದ್ದಾರೆ. ಕ್ಯಾಮೆರಾ ಎಲ್ಲರ ಕೈಯಲ್ಲಿದೆ, ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಹಾಗಾಗಿ ಕೆಲಸ ಸುಲಭ ಅನ್ನಿಸುತ್ತದೆ. ಅವರಿಗೆ ಉಪಯೋಗ ಆಗಲಿ ಅಂತ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ಕೆಲಸ ಮಾಡಿದ್ದು ಒಬ್ಬ ಎಂ.ಎಸ್‌ಸಿ ವಿದ್ಯಾರ್ಥಿನಿ. ಫೋಟೋ ವಿಶ್ಲೇಷಣೆಗೆ ಸಹಾಯ ಮಾಡಲು ನಾನು ನಡುವೆ ಸೇರಿಕೊಂಡೆ. ಅವಳ ಹೆಸರು, ಕಾಲೇಜು, ಗುಡ್ಡದ ಗುರುತು ಎಲ್ಲವನ್ನೂ ಬಿಟ್ಟಿದ್ದೇನೆ. ಅವಳ ಒಪ್ಪಿಗೆ ಇದೆ.

ಹಿನ್ನೆಲೆ

ನಮ್ಮ ಕಡೆ ಬಂಡೆಗಳ ಮೇಲೆ ತಲೆ ಎತ್ತಿ ಕೂರುವ, ದಂಡ ಹೊಡೆದ ಹಾಗೆ ಮೇಲೆ ಕೆಳಗೆ ಆಡುವ ಓತಿಕ್ಯಾತವನ್ನು ನೋಡೇ ಇರುತ್ತೀರಿ. ವಿಜ್ಞಾನದ ಹೆಸರು ಸಾಮೋಫಿಲಸ್ ಡಾರ್ಸಾಲಿಸ್. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಪ್ರಾಣಿ ಇದು. ಬೆಂಗಳೂರಿನ ಸುತ್ತಮುತ್ತ ಖಾಲಿ ಸೈಟುಗಳಲ್ಲಿ, ಕಾಂಪೌಂಡ್ ಗೋಡೆಗಳ ಮೇಲೆ ಕೂಡ ಬದುಕಿಕೊಂಡಿದೆ. ಹೆಣ್ಣು ಮಣ್ಣಿನ ಬಣ್ಣಕ್ಕೆ ಹತ್ತಿರ. ಸಂತಾನ ಕಾಲದ ಗಂಡು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಬೆನ್ನಿನ ಉದ್ದಕ್ಕೂ ಕೆಂಪು ಅಥವಾ ಹಳದಿ ಪಟ್ಟೆ, ಪಕ್ಕೆಯಲ್ಲಿ ಕಪ್ಪು.

ಇದರ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹೆಣ್ಣಿನ ಮುಂದೆ ಬಂದಾಗ ಬೆನ್ನು ಕೆಂಪು, ಪಕ್ಕೆ ಕಡು ಕಪ್ಪು. ಇನ್ನೊಂದು ಗಂಡಿನ ಜೊತೆ ಜಗಳಕ್ಕೆ ನಿಂತಾಗ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಓತಿಯ ಮೇಲೆ ಒಳ್ಳೆಯ ಅಧ್ಯಯನಗಳು ಆಗಿವೆ. ಅವುಗಳನ್ನು ಓದಿಯೇ ನಮ್ಮ ವಿದ್ಯಾರ್ಥಿನಿಗೆ ಆಸೆ ಹುಟ್ಟಿದ್ದು. ಪೇಟೆಯ ಗಂಡು ಓತಿಗೂ ಹಳ್ಳಿ ಬಂಡೆಯ ಗಂಡು ಓತಿಗೂ ಬಣ್ಣದಲ್ಲಿ ವ್ಯತ್ಯಾಸ ಇದೆಯಾ ಅನ್ನುವುದು ಅವಳ ಪ್ರಶ್ನೆ. ಪೇಟೆಯಲ್ಲಿ ಧೂಳು, ಗಲಾಟೆ, ಊಟದ ಹುಳುಗಳೂ ಬೇರೆ. ಹಾಗಾಗಿ ಪೇಟೆಯವು ಮಂಕಾಗಿರುತ್ತವೆ ಅಂತ ಅವಳ ಊಹೆ ಇತ್ತು.

ಓತಿಗಳನ್ನು ಹಿಡಿಯಬಾರದು ಅಂತ ಶುರುವಿನಲ್ಲೇ ತೀರ್ಮಾನ ಮಾಡಿದ್ದಳು. ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದು ಒಂದು ಕಾರಣ. ಹಿಡಿದ ತಕ್ಷಣ ಭಯಕ್ಕೆ ಬಣ್ಣವೇ ಬದಲಾಗುತ್ತದೆ ಅನ್ನುವುದು ಇನ್ನೂ ದೊಡ್ಡ ಕಾರಣ. ಕೈಯಲ್ಲಿರುವ ಓತಿಯ ಬಣ್ಣ ಬಂಡೆಯ ಮೇಲಿನ ಓತಿಯ ಬಣ್ಣ ಅಲ್ಲ. ಈ ತೀರ್ಮಾನ ಸರಿಯಾಗಿತ್ತು, ಕೊನೆಯವರೆಗೂ ಅದನ್ನು ಬದಲಿಸಲಿಲ್ಲ. ಆದರೆ ಇದರಿಂದ ಫೋಟೋ ಒಂದೇ ದಾರಿ ಆಯಿತು.

ಮೊದಲ ಸುತ್ತು, ಮತ್ತು ಒಂದು ಚಂದದ ಫಲಿತಾಂಶ

ಮೊದಲ ಸುತ್ತಿನ ಫೋಟೋಗಳೆಲ್ಲ ಜೆಪೆಗ್, ಅಂದರೆ ಕ್ಯಾಮೆರಾ ತಾನೇ ತಿದ್ದಿ, ಕುಗ್ಗಿಸಿ ಉಳಿಸುವ ಮಾಮೂಲಿ ಫೋಟೋ ಫೈಲು. ಕೆಲವು ಮೊಬೈಲಿನಲ್ಲಿ, ಕೆಲವು ಸ್ನೇಹಿತರ ಕ್ಯಾಮೆರಾದಲ್ಲಿ, ಎಲ್ಲ ಆಟೋ ಮೋಡಿನಲ್ಲಿ. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬೆನ್ನಿನ ಪಟ್ಟೆಯ ಸುತ್ತ ಗೆರೆ ಎಳೆದು, ಕೆಂಪು, ಹಸಿರು, ನೀಲಿ ಮೂರರ ಸರಾಸರಿ ತೆಗೆದು, ಒಟ್ಟು ಮೊತ್ತದಲ್ಲಿ ಕೆಂಪಿನ ಪಾಲು ಎಷ್ಟು ಅಂತ ಲೆಕ್ಕ ಹಾಕಿದ್ದಳು. ಫಲಿತಾಂಶ ಊಹೆಗೆ ಪೂರ್ತಿ ಉಲ್ಟಾ ಬಂತು. ಪೇಟೆಯ ಗಂಡುಗಳೇ ಹೆಚ್ಚು ಕೆಂಪು! ಗ್ರಾಫಿನಲ್ಲಿ ಎರಡು ಗುಂಪೂ ಚೆನ್ನಾಗಿ ಬೇರೆಯಾಗಿ ಕಾಣುತ್ತಿದ್ದವು.

ಇಂಥ ಫಲಿತಾಂಶ ಬಂದಾಗ ವಿವರಣೆ ತಾನಾಗೇ ಹುಟ್ಟಿಕೊಳ್ಳುತ್ತದೆ. ಪೇಟೆಯಲ್ಲಿ ಬೇಟೆಯಾಡುವ ಹಕ್ಕಿ ಕಡಿಮೆ, ಅದಕ್ಕೇ ಎದ್ದುಕಾಣುವ ಬಣ್ಣ ಇಟ್ಟುಕೊಳ್ಳಬಹುದು ಅಂತ ಒಬ್ಬರು. ಗಂಡುಗಳ ನಡುವೆ ಜಾಗಕ್ಕೆ ಪೈಪೋಟಿ ಜಾಸ್ತಿ ಅಂತ ಇನ್ನೊಬ್ಬರು. ಎರಡೂ ಕೇಳಲು ಸರಿಯಾಗೇ ಇವೆ. ಅಪಾಯ ಇರುವುದೇ ಅಲ್ಲಿ. ಅಳತೆ ಸರಿ ಇದೆಯಾ ಅಂತ ಕೇಳುವ ಮೊದಲೇ ಕಾರಣ ಸಿಕ್ಕಿಬಿಟ್ಟರೆ ಆಮೇಲೆ ಅಳತೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಇಲ್ಲಿ ತಿರುಗಿ ನೋಡುವಂತೆ ಮಾಡಿದ್ದು ಒಬ್ಬ ಊರಿನ ಹಿರಿಯರು. ಗುಡ್ಡದಲ್ಲಿ ಜಾಗ ತೋರಿಸಲು ಅವಳ ಜೊತೆ ಬರುತ್ತಿದ್ದವರು. ಅವಳು ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದಾಗ ಅವರು ಓತಿಯನ್ನು ನೋಡಲೇ ಇಲ್ಲ. "ಏನಮ್ಮಾ, ನಮ್ಮ ಬಂಡೆ ಇಷ್ಟು ಬೂದಿ ಬಣ್ಣ ಇಲ್ವಲ್ಲ?" ಅಂದರು.

ಅವರ ಮಾತು ನಿಜ. ಆ ಗುಡ್ಡ ಇರುವುದು ರಾಮನಗರದ ಸೀಮೆಯಲ್ಲಿ. ಅಲ್ಲಿಯ ಗ್ರಾನೈಟಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ, ರಾಮನಗರದ ಹಳೆಯ ಹೆಸರಿನಿಂದ ಬಂದದ್ದು. ಅದರಲ್ಲಿ ಗುಲಾಬಿ ಛಾಯೆ ಎದ್ದು ಕಾಣುತ್ತದೆ. ಫೋಟೋದಲ್ಲಿ ಆ ಗುಲಾಬಿ ಇರಲಿಲ್ಲ. ಬಂಡೆಯ ಕೆಂಪನ್ನು ಕ್ಯಾಮೆರಾ ತೆಗೆದುಹಾಕಿತ್ತು. ಹಾಗಾದರೆ ಅದೇ ಫೋಟೋದಲ್ಲಿ ಕೂತ ಓತಿಯ ಕೆಂಪು ಏನಾಗಿರಬೇಕು?

ಆಟೋ ವೈಟ್ ಬ್ಯಾಲೆನ್ಸ್ ಮಾಡಿದ ಕೆಲಸ

ಬೆಳಕಿನ ಛಾಯೆ ಕಳೆದು ಬಿಳಿಯನ್ನು ಬಿಳಿಯಾಗೇ ತೋರಿಸಲು ಕ್ಯಾಮೆರಾ ತಾನಾಗೇ ಮಾಡುವ ತಿದ್ದುಪಡಿಗೆ ಆಟೋ ವೈಟ್ ಬ್ಯಾಲೆನ್ಸ್ ಅನ್ನುತ್ತಾರೆ. ಆದರೆ ಕ್ಯಾಮೆರಾಗೆ ಬೆಳಕಿನ ಬಣ್ಣ ಗೊತ್ತಿಲ್ಲ. ಫೋಟೋದಲ್ಲಿ ಇರುವುದನ್ನು ನೋಡಿ ಅಂದಾಜು ಮಾಡುತ್ತದೆ. ಆ ಅಂದಾಜಿನ ಹಿಂದಿರುವ ಹಳೆಯ ಸೂತ್ರ ಏನೆಂದರೆ, ದೃಶ್ಯದ ಎಲ್ಲ ಬಣ್ಣಗಳನ್ನು ಬೆರೆಸಿದರೆ ಸರಾಸರಿ ಬೂದು ಬರಬೇಕು. ಗುಲಾಬಿ ಬಂಡೆಯೇ ಫೋಟೋ ತುಂಬಾ ಇದ್ದರೆ ಕ್ಯಾಮೆರಾ ಅದನ್ನು ಕೆಂಪು ಬೆಳಕು ಅಂದುಕೊಂಡು ಕೆಂಪನ್ನು ಇಳಿಸುತ್ತದೆ. ಪೇಟೆಯ ಫೋಟೋಗಳಲ್ಲಿ ಓತಿ ಸಿಮೆಂಟ್ ಗೋಡೆಯ ಮೇಲೆ ಕೂತಿತ್ತು, ಹಿಂದೆ ಗಿಡಗಳ ಹಸಿರು. ಅಲ್ಲಿ ಕ್ಯಾಮೆರಾ ಹಸಿರನ್ನು ಇಳಿಸುತ್ತದೆ, ಅಂದರೆ ಕೆಂಪಿನ ಪಾಲು ಏರುತ್ತದೆ. ಎರಡೂ ಕಡೆ ತಪ್ಪು, ಅದೂ ಒಂದೊಂದು ಕಡೆ ಒಂದೊಂದು ದಿಕ್ಕಿಗೆ.

ಕೇಳಿದಾಗ ಇದು ಸರಿ ಅನ್ನಿಸುತ್ತದೆ, ಆದರೆ ಅನ್ನಿಸಿದರೆ ಸಾಲದು, ಪರೀಕ್ಷೆ ಮಾಡಬೇಕು. ಅದಕ್ಕೆ ಅವಳು ಹುಡುಕಿದ ಉಪಾಯ ನನಗೆ ಈ ಇಡೀ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ. ಮಂಗಳೂರು ಹೆಂಚಿನ ಒಂದು ಚೂರು ತೆಗೆದುಕೊಂಡಳು. ಅದೇ ಚೂರನ್ನು ಗುಡ್ಡದ ಬಂಡೆಯ ಮೇಲೆ ಓತಿ ಕೂರುವ ಜಾಗದಲ್ಲಿ ಇಟ್ಟು ಫೋಟೋ ತೆಗೆದಳು, ಪೇಟೆಯ ಗೋಡೆಯ ಮೇಲೂ ಇಟ್ಟು ತೆಗೆದಳು. ಅದೇ ಮೊಬೈಲು, ಅದೇ ಆಟೋ ಮೋಡು. ಹೆಂಚು ಒದ್ದೆಯಾದರೆ ಬಣ್ಣ ಕಡುವಾಗುತ್ತದೆ, ಹಾಗಾಗಿ ಒಣಗಿರುವಾಗಲೇ ತೆಗೆಯಬೇಕು, ಅದೊಂದೇ ಎಚ್ಚರಿಕೆ. ಓತಿಗೆ ಹಾಕಿದ ಲೆಕ್ಕವನ್ನೇ ಹೆಂಚಿಗೂ ಹಾಕಿದಾಗ ಪೇಟೆಯ ಹೆಂಚು "ಹೆಚ್ಚು ಕೆಂಪು" ಅಂತ ಬಂತು. ಓತಿಗಳ ನಡುವೆ ಕಂಡ ವ್ಯತ್ಯಾಸದ ಬಹುಪಾಲು ಹೆಂಚಿನಲ್ಲೂ ಇತ್ತು.

ಹೆಂಚು ಪೇಟೆಗೆ ಬಂದ ತಕ್ಷಣ ಕೆಂಪಾಗುವುದಿಲ್ಲ ಅಲ್ವಾ. ಹಾಗಾಗಿ ಓತಿಯ ಬಗ್ಗೆ ಬರೆದ ಇಡೀ ಅಧ್ಯಾಯ ಅಲ್ಲಿಗೇ ನಿಂತಿತು.

ಹಳೆಯ ಫೋಟೋಗಳನ್ನು ಉಳಿಸುವ ಯತ್ನ

ಅಷ್ಟೊಂದು ಫೋಟೋಗಳನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊದಲು ಸಾಫ್ಟ್‌ವೇರಿನಲ್ಲಿ ಬಣ್ಣ ಸರಿಪಡಿಸಲು ನೋಡಿದೆವು. ಸರಿಪಡಿಸಲು ಒಂದು ಆಧಾರ ಬೇಕು. ಬಂಡೆಯನ್ನೇ ಆಧಾರ ಮಾಡಿಕೊಳ್ಳೋಣ ಅಂದರೆ ಒಂದೇ ಬಂಡೆಯಲ್ಲಿ ಗುಲಾಬಿ, ಬೂದಿ, ಕಪ್ಪು ನೀರಿನ ಕಲೆ, ಕಲ್ಲುಹೂವು ಎಲ್ಲ ಇವೆ. ಸಿಮೆಂಟ್ ಗೋಡೆಯಲ್ಲಿ ಪಾಚಿ, ಸುಣ್ಣ, ಧೂಳು. ಇದ್ಯಾವುದರ ನಿಜವಾದ ಬಣ್ಣವೂ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದ ಗೊತ್ತಿಲ್ಲದ್ದನ್ನು ಅಳೆಯಲು ಆಗುವುದಿಲ್ಲ.

ಬಣ್ಣದ ಛಾಯೆ ಒಂದೇ ಅಲ್ಲ, ಜೆಪೆಗ್‌ನಲ್ಲಿ ಇನ್ನೊಂದು ತೊಂದರೆ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತುಂಬ ಜನ ಇಲ್ಲೇ ಎಡವುತ್ತಾರೆ. ಕ್ಯಾಮೆರಾದ ಸೆನ್ಸರ್ ಬೆಳಕನ್ನು ನೇರವಾಗಿ ಎಣಿಸುತ್ತದೆ. ಬೆಳಕು ಎರಡು ಪಟ್ಟಾದರೆ ಅಂಕೆಯೂ ಎರಡು ಪಟ್ಟು. ಆದರೆ ಜೆಪೆಗ್ ಮಾಡುವಾಗ ನಮ್ಮ ಕಣ್ಣಿಗೆ ಹಿತವಾಗಲಿ ಅಂತ ಆ ಅಂಕೆಗಳನ್ನು ಬಗ್ಗಿಸುತ್ತಾರೆ. ಶೇಕಡಾ 18 ಬೆಳಕನ್ನು ಹಿಂದಿರುಗಿಸುವ ಬೂದು ಕಾರ್ಡು ಮಾಮೂಲಿ ಎಸ್‌ಆರ್‌ಜಿಬಿ ಲೆಕ್ಕದಲ್ಲಿ (ಜೆಪೆಗ್‌ಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ, ಅಂಕೆ 0ಯಿಂದ 255ರವರೆಗೆ) 255ಕ್ಕೆ ಸುಮಾರು 118 ಆಗಿ ಬರುತ್ತದೆ. ಅದನ್ನು ನೇರ ಅಂಕೆ ಅಂತ ಓದಿದರೆ ಶೇಕಡಾ 46! ಹಾಗೇ, ನಿಜದಲ್ಲಿ 2 ಪಟ್ಟು ಇರುವ ವ್ಯತ್ಯಾಸ ಜೆಪೆಗ್‌ನಲ್ಲಿ ಸುಮಾರು 1.4 ಪಟ್ಟಿನಂತೆ ಕಾಣುತ್ತದೆ. ಇದರ ಮೇಲೆ ಕ್ಯಾಮೆರಾ ಕಂಪನಿಗಳು ಬಣ್ಣ ಗಾಢ ಮಾಡುತ್ತವೆ, ಅಂಚು ಚೂಪು ಮಾಡುತ್ತವೆ. ಮೊಬೈಲುಗಳು ಇನ್ನೂ ಮುಂದೆ ಹೋಗಿ ಹಲವು ಫೋಟೋಗಳನ್ನು ಬೆರೆಸಿ, ನೆರಳಿನ ಭಾಗವನ್ನು ಬೇರೆಯಾಗಿ, ಬಿಸಿಲಿನ ಭಾಗವನ್ನು ಬೇರೆಯಾಗಿ ತಿದ್ದುತ್ತವೆ. ಅಂದರೆ ಒಂದೇ ಫೋಟೋದ ಒಳಗೇ ಅಳತೆಗೋಲು ಜಾಗದಿಂದ ಜಾಗಕ್ಕೆ ಬದಲಾಗಿರುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವಿಲ್ಲ.

ಇನ್ನೊಂದು, ಬಿಸಿಲಿನಲ್ಲಿ ಕೂತ ಕೆಂಪು ಓತಿಯ ಎಷ್ಟೋ ಫೋಟೋಗಳಲ್ಲಿ ಕೆಂಪು ಅಂಕೆ 255ಕ್ಕೆ ಹೋಗಿ ಮುಟ್ಟಿತ್ತು. ಒಟ್ಟಾರೆ ಫೋಟೋ ಚೆನ್ನಾಗೇ ಕಾಣುತ್ತದೆ, ಕೆಂಪು ಚಾನೆಲ್ ಮಾತ್ರ ತುಂಬಿ ಹರಿದಿರುತ್ತದೆ. ತುಂಬಿದ ಮೇಲೆ ಎಷ್ಟು ಹರಿಯಿತು ಅಂತ ಹೇಳುವವರು ಯಾರು?

ಹೀಗಾಗಿ ಹಳೆಯ ಫೋಟೋಗಳಿಂದ ಬಣ್ಣದ ಯಾವ ಅಂಕೆಯನ್ನೂ ತೆಗೆಯುವುದಿಲ್ಲ ಅಂತ ತೀರ್ಮಾನವಾಯಿತು. ಕಷ್ಟದ ತೀರ್ಮಾನ. ಅವಳ ಮುಖ ಸಪ್ಪೆಯಾಗಿದ್ದು ನನಗೆ ಈಗಲೂ ನೆನಪಿದೆ. ಆದರೆ ಅದನ್ನು ತೆಗೆದುಕೊಂಡಿದ್ದು ಅವಳೇ, ಯಾರೂ ಒತ್ತಾಯ ಮಾಡಲಿಲ್ಲ.

ಎರಡನೇ ಸುತ್ತು

ಹಳೆಯದಾದರೂ ಪರವಾಗಿಲ್ಲ, ರಾ ಫೈಲ್ ಕೊಡುವ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಬೇಕಿತ್ತು. ಅದು ಸಿಕ್ಕಿತು, ಜೊತೆಗೆ 300 ಮಿಲಿಮೀಟರ್ ಲೆನ್ಸ್. ರಾ ಫೈಲಿನಲ್ಲಿ ಸೆನ್ಸರಿನ ಅಂಕೆಗಳು ಬಗ್ಗದೆ ಉಳಿಯುತ್ತವೆ, ಮತ್ತು ಜೆಪೆಗ್‌ನ 256 ಮೆಟ್ಟಿಲುಗಳ ಬದಲು 14 ಬಿಟ್ ಕ್ಯಾಮೆರಾದಲ್ಲಿ 16,384 ಮೆಟ್ಟಿಲು ಸಿಗುತ್ತವೆ. ಆದರೂ ನಂಬುವ ಮೊದಲು ಪರೀಕ್ಷೆ ಮಾಡಿದೆವು. ಕಲರ್‌ಚೆಕರ್ ಅನ್ನುವ 24 ಚೌಕದ ಕಾರ್ಡಿನ ಕೊನೆಯ ಸಾಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ 6 ಚೌಕಗಳಿವೆ. ಅವು ಹಿಂದಿರುಗಿಸುವ ಬೆಳಕು ಸುಮಾರು ಶೇಕಡಾ 90, 59, 36, 20, 9, 3. ಈ ಅಂಕೆಗಳ ಎದುರು ಕ್ಯಾಮೆರಾದ ಅಂಕೆಗಳನ್ನು ಗ್ರಾಫ್ ಹಾಕಿದಾಗ ರಾ ನೇರ ಗೆರೆ ಕೊಟ್ಟಿತು, ಜೆಪೆಗ್ ಬಾಗಿದ ಗೆರೆ. ಈ ಒಂದು ಗ್ರಾಫನ್ನು ಪ್ರತಿಯೊಬ್ಬರೂ ತಮ್ಮ ಕ್ಯಾಮೆರಾಗೆ ಮಾಡಿ ನೋಡಲೇಬೇಕು. ಅರ್ಧ ಗಂಟೆಯ ಕೆಲಸ.

ಆಧಾರಕ್ಕೆ ಏನು ಇಡುವುದು ಅನ್ನುವುದು ಮುಂದಿನ ಪ್ರಶ್ನೆ. ಯಾರೋ ಎ4 ಹಾಳೆ ಸಾಕು ಅಂದಿದ್ದರು. ಸಾಲದು. ಬೆಳ್ಳಗೆ ಕಾಣಲಿ ಅಂತ ಕಾಗದಕ್ಕೆ ಹಾಕುವ ರಾಸಾಯನಿಕ ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಬಿಸಿಲಿನಲ್ಲಿ ಒಂದು ಬಿಳಿ, ಕೋಣೆಯಲ್ಲಿ ಇನ್ನೊಂದು ಬಿಳಿ. ಲ್ಯಾಬುಗಳಲ್ಲಿ ಬಳಸುವ ಸ್ಪೆಕ್ಟ್ರಲಾನ್ ತುಂಡು ಶೇಕಡಾ 99ರಷ್ಟು ಬೆಳಕು ಹಿಂದಿರುಗಿಸುತ್ತದೆ, ಬೆಲೆ ಮಾತ್ರ ವಿದ್ಯಾರ್ಥಿಗೆ ಎಟುಕುವುದಿಲ್ಲ. ಆದರೆ ಅದು ಮಾಡಿರುವುದು ಪಿಟಿಎಫ್‌ಇ ಅನ್ನುವ ವಸ್ತುವಿನಿಂದ. ನಲ್ಲಿ ಜೋಡಿಸುವಾಗ ಪ್ಲಂಬರುಗಳು ಸುತ್ತುವ ಬಿಳಿ ಟೆಫ್ಲಾನ್ ಟೇಪೂ ಅದೇ ವಸ್ತು. ಒಂದು ಗಟ್ಟಿ ತಟ್ಟೆಯ ಮೇಲೆ ಕೆಳಗಿನದು ಕಾಣದ ಹಾಗೆ ಪದರದ ಮೇಲೆ ಪದರ ಸುತ್ತಿದರೆ ಒಳ್ಳೆಯ ಬಿಳಿ ಸಿಗುತ್ತದೆ. ಅವಳು ಫೋಟೋ ಅಂಗಡಿಯ 18ರ ಬೂದು ಕಾರ್ಡು ಮತ್ತು ಟೇಪಿನ ಬಿಳಿ ಎರಡನ್ನೂ ಇಟ್ಟುಕೊಂಡಳು. ಎರಡನ್ನೂ ಒಮ್ಮೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಸಿ ನಿಜವಾದ ಅಂಕೆ ಬರೆದಿಟ್ಟುಕೊಂಡಳು. ಟೇಪಿನ ಮೇಲೆ ಧೂಳು ಕೂತರೆ ಹೊಸದು ಸುತ್ತುವುದು.

ಆದರೆ ಓತಿಯ ಪಕ್ಕ ಕಾರ್ಡು ಇಡಲು ಹೋದರೆ ಓತಿ ಓಡಿಹೋಗುತ್ತದೆ! ಇದಕ್ಕೆ ದಾರಿ ಇದೆ. ಮೊದಲು ಓತಿಯ ಫೋಟೋ, ಅದು ಹೋದ ತಕ್ಷಣ ಅದೇ ಜಾಗದಲ್ಲಿ ಅದೇ ವಾಲಿಕೆಯಲ್ಲಿ ಕಾರ್ಡು ಇಟ್ಟು, ಕ್ಯಾಮೆರಾದ ಯಾವ ಸೆಟ್ಟಿಂಗೂ ಮುಟ್ಟದೆ, ಎರಡನೇ ಫೋಟೋ. ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅಂತ ನಿರ್ಧರಿಸುವ ಐಎಸ್‌ಒ, ಅಪರ್ಚರ್, ಶಟರ್ ಎಲ್ಲ ಮ್ಯಾನುಯಲ್, ಅಂದರೆ ನಾವೇ ಇಟ್ಟದ್ದು. ಎರಡು ಫೋಟೋಗಳ ನಡುವೆ ಮೋಡ ಅಡ್ಡ ಬಂದರೆ ಆ ಜೋಡಿಯನ್ನು ಕೈಬಿಡುವುದು. ಲೆಕ್ಕ ಸರಳ. ಕಾರ್ಡಿನಲ್ಲಿ ಕೆಂಪು ಅಂಕೆ 3000, ಓತಿಯ ಬೆನ್ನಿನಲ್ಲಿ 5000 ಬಂದರೆ 5000 ಭಾಗಿಸು 3000 ಗುಣಿಸು 18, ಅಂದರೆ ಶೇಕಡಾ 30. ಹಸಿರಿಗೂ ನೀಲಿಗೂ ಹೀಗೇ ಬೇರೆ ಬೇರೆಯಾಗಿ. ಬೆಳಕು ಕೆಂಪಾಗಿದ್ದರೆ ಕಾರ್ಡಿನ ಕೆಂಪೂ ಏರಿರುತ್ತದೆ, ಭಾಗಿಸಿದಾಗ ಹೊರಟುಹೋಗುತ್ತದೆ. 2015ರಲ್ಲಿ ಟ್ರೊಶಾಂಕೊ ಮತ್ತು ಸ್ಟೀವನ್ಸ್ ಇದನ್ನೆಲ್ಲ ಇಮೇಜ್‌ಜೆ ಒಳಗೇ ಮಾಡುವ ಉಚಿತ ಟೂಲ್‌ಬಾಕ್ಸ್ ಕೊಟ್ಟಿದ್ದಾರೆ. ರಾ ಫೈಲನ್ನು ನೇರ ಅಂಕೆಗಳಾಗಿ ಬಿಡಿಸುವುದರಿಂದ ಹಿಡಿದು ಎರಡು ಫೋಟೋಗಳ ಜೋಡಿಯವರೆಗೆ ಅದು ನೋಡಿಕೊಳ್ಳುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮಲ್ಲಿ ಜೋರು ಚರ್ಚೆ ಆಯಿತು. ಫೋಟೋದ ದೃಷ್ಟಿಯಿಂದ ತೆಳು ಮೋಡದ ದಿನವೇ ಉತ್ತಮ, ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬೀಳುತ್ತದೆ, ಹೊಳಪು ಇರುವುದಿಲ್ಲ. ಮರದ ನೆರಳಂತೂ ಬೇಡವೇ ಬೇಡ. ಎಲೆಗಳ ಮಧ್ಯೆ ಸೋಸಿ ಬಂದ ಬೆಳಕು ಹಸಿರು, ಬಯಲಿನ ನೆರಳಿನಲ್ಲಿ ಆಕಾಶದ ನೀಲಿ, ಬೆಳಗ್ಗೆ ಸಂಜೆ ಇನ್ನೊಂದು. ಆದರೆ ಮೋಡದ ದಿನ ಓತಿ ಮೈ ಕಾಯಿಸಿಕೊಳ್ಳಲು ಆಗದೆ ಮಂಕಾಗಿ ಕೂರುತ್ತದೆ, ಇಲ್ಲವೇ ಹೊರಗೇ ಬರುವುದಿಲ್ಲ. ಕ್ಯಾಮೆರಾಗೆ ಅನುಕೂಲ ಅಂತ ಪ್ರಾಣಿಯ ಬೇರೆ ಸ್ಥಿತಿಯನ್ನು ಅಳೆದರೆ ಏನು ಬಂತು? ಕೊನೆಗೆ ಬಿಸಿಲನ್ನೇ ಆರಿಸಿಕೊಂಡೆವು. ಹತ್ತರಿಂದ ಹನ್ನೆರಡರ ನಡುವೆ, ಸೂರ್ಯ ಫೋಟೋ ತೆಗೆಯುವವರ ಬೆನ್ನ ಹಿಂದೆ, ಓತಿ ಪಕ್ಕಕ್ಕೆ ತಿರುಗಿ ಕೂತಾಗ ಮಾತ್ರ. ಕೆಂಪು ಚಾನೆಲ್ ತುಂಬದ ಹಾಗೆ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕು. ಓತಿಯ ಬೆನ್ನು ದುಂಡಗಿರುತ್ತದೆ, ಹಾಗಾಗಿ ಕಾರ್ಡಿನ ವಾಲಿಕೆಗೆ ಹೊಂದುವ ಒಂದು ಸಣ್ಣ ತುಂಡನ್ನು ಮಾತ್ರ ಅಳೆಯುವುದು. ನನ್ನ ಪ್ರಕಾರ ಇದು ಸರಿಯಾದ ಆಯ್ಕೆ, ಅಳತೆ ಸ್ವಲ್ಪ ಒರಟಾದರೂ.

ಏನಾಯಿತು

ಹೊಸ ವಿಧಾನವನ್ನು ಓತಿಗೆ ಹಾಕುವ ಮೊದಲು ಹೆಂಚಿಗೆ ಹಾಕಿದಳು. ಈ ಸಲ ಗುಡ್ಡದ ಹೆಂಚೂ ಪೇಟೆಯ ಹೆಂಚೂ ಹೆಚ್ಚುಕಡಿಮೆ ಒಂದೇ ಅಂಕೆ ಕೊಟ್ಟವು. ಅಲ್ಲಿಗೆ ವಿಧಾನದ ಮೇಲೆ ನಂಬಿಕೆ ಬಂತು. ಆಮೇಲೆ ಓತಿಗಳು. ಪೇಟೆ-ಹಳ್ಳಿಯ ಕೆಂಪಿನ ವ್ಯತ್ಯಾಸ ಎಷ್ಟು ಕುಗ್ಗಿತು ಅಂದರೆ, ಒಂದೇ ಗುಡ್ಡದ ಎರಡು ಗಂಡುಗಳ ನಡುವೆ ಇರುವ ವ್ಯತ್ಯಾಸದಲ್ಲಿ ಅದು ಮುಳುಗಿಹೋಯಿತು. ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಇದರ ಅರ್ಥ ಅಲ್ಲ. ಇದ್ದರೂ ಈ ಅಳತೆಗೆ ಸಿಗುವಷ್ಟು ದೊಡ್ಡದಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಕಂಡಿತು. ಒಂದೇ ಓತಿಯನ್ನು ಅದೇ ಜಾಗದಲ್ಲಿ ಕೆಲವು ನಿಮಿಷ ಬಿಟ್ಟು ಬಿಟ್ಟು ತೆಗೆದ ಫೋಟೋಗಳಲ್ಲಿ, ಬೆಳಕಿನ ಲೆಕ್ಕ ಎಲ್ಲ ಕಳೆದ ಮೇಲೂ, ಬಣ್ಣ ಬೇರೆ ಬೇರೆ ಬರುತ್ತಿತ್ತು. ಅಕ್ಕಪಕ್ಕ ಹೆಣ್ಣು ಬಂದಿರಬಹುದು, ಇನ್ನೊಂದು ಗಂಡು ತಲೆ ಆಡಿಸಿರಬಹುದು. ಓತಿ ನಿಜವಾಗಿಯೇ ಬಣ್ಣ ಬದಲಿಸುತ್ತಿತ್ತು. ಮೊದಲ ಸುತ್ತಿನಲ್ಲಿ ಇದೆಲ್ಲ ಕ್ಯಾಮೆರಾದ ಗದ್ದಲದಲ್ಲಿ ಕೇಳಿಸಿಯೇ ಇರಲಿಲ್ಲ. "ಈ ಓತಿಯ ಬಣ್ಣ ಎಷ್ಟು ಕೆಂಪು" ಅನ್ನುವ ಪ್ರಶ್ನೆಗೆ ಈ ಪ್ರಾಣಿಯಲ್ಲಿ ಒಂದು ಉತ್ತರ ಇಲ್ಲ. ಇದು ಓದಿ ಗೊತ್ತಿದ್ದ ವಿಷಯವೇ. ಆದರೂ ಪ್ರಶ್ನೆ ಕಟ್ಟುವಾಗ ಅದು ಲೆಕ್ಕಕ್ಕೆ ಬಂದಿರಲಿಲ್ಲ.

ಆಗ ಅವಳು ಪ್ರಶ್ನೆಯನ್ನೇ ಬದಲಿಸಿದಳು. ಒಂದು ಗಂಡು, ಒಂದು ಕೂತ ಜಾಗ, ಒಂದೇ ಬೆಳಕು. ಆ ಅವಧಿಯಲ್ಲಿ ಬೆನ್ನು ಮತ್ತು ಪಕ್ಕೆಯ ನಡುವಿನ ವ್ಯತ್ಯಾಸ ಎಷ್ಟರಿಂದ ಎಷ್ಟಕ್ಕೆ ಹೋಯಿತು? ಎರಡೂ ಒಂದೇ ಫೋಟೋದಲ್ಲಿ ಇರುತ್ತವೆ, ಒಂದನ್ನು ಇನ್ನೊಂದರಿಂದ ಭಾಗಿಸಬಹುದು. ಬೆಳಕು ಸ್ವಲ್ಪ ಏರಿಳಿದರೂ ಅನುಪಾತಕ್ಕೆ ದೊಡ್ಡ ಪೆಟ್ಟು ಬೀಳುವುದಿಲ್ಲ. ಜೊತೆಗೆ ಸುತ್ತ ಯಾವ ಓತಿ ಇತ್ತು, ಇದು ಏನು ಮಾಡುತ್ತಿತ್ತು ಅಂತ ಪ್ರತಿ ಫೋಟೋಗೂ ಒಂದು ಸಾಲು ಟಿಪ್ಪಣಿ. ಪ್ರಬಂಧ ಈ ಪ್ರಶ್ನೆಯ ಮೇಲೆಯೇ ಆಯಿತು. ಹೆಂಚಿನ ಪರೀಕ್ಷೆಗೆ ಅದರಲ್ಲಿ ಒಂದು ಪೂರ್ತಿ ಭಾಗ ಇದೆ, ಮೊದಲ ಸುತ್ತಿನ ಆ ಚಂದದ ಗ್ರಾಫೂ ಇದೆ, ಅದು ಯಾಕೆ ಸುಳ್ಳು ಅನ್ನುವ ವಿವರಣೆಯ ಜೊತೆ. ಮುಚ್ಚಿಡದೆ ಅದನ್ನು ಹಾಕಿದ್ದಕ್ಕೆ ನನಗೆ ಅವಳ ಮೇಲೆ ತುಂಬ ಗೌರವ.

ಒಂದು ಮಿತಿಯನ್ನು ಅವಳು ಸ್ಪಷ್ಟವಾಗಿ ಬರೆದಿದ್ದಾಳೆ, ನಾನೂ ಬರೆಯಲೇಬೇಕು. ಹಲ್ಲಿ-ಓತಿಗಳ ಕಣ್ಣು ನಮ್ಮ ಕಣ್ಣಿನ ಹಾಗಲ್ಲ. ನಮಗೆ ಬಣ್ಣ ನೋಡುವ ಮೂರು ಬಗೆಯ ಕೋಶಗಳಿದ್ದರೆ ಹಗಲು ಓಡಾಡುವ ಬಹುಪಾಲು ಹಲ್ಲಿ ಜಾತಿಗಳಿಗೆ ನಾಲ್ಕು, ನೇರಳಾತೀತವೂ ಕಾಣುತ್ತದೆ. ಮಾಮೂಲಿ ಕ್ಯಾಮೆರಾದ ಸೆನ್ಸರಿನ ಮುಂದೆ ಆ ಕಿರಣಗಳನ್ನು ತಡೆಯುವ ಫಿಲ್ಟರ್ ಇರುತ್ತದೆ. ಹಾಗಾಗಿ ಎಷ್ಟು ಚೆನ್ನಾಗಿ ಅಳೆದರೂ ಇದು ಕೆಂಪು, ಹಸಿರು, ನೀಲಿ ಮೂರರ ಅಳತೆ ಮಾತ್ರ. "ಹೆಣ್ಣು ಓತಿಗೆ ಹೀಗೆ ಕಾಣುತ್ತದೆ" ಅಂತ ಬರೆಯುವ ಹಕ್ಕು ಈ ಫೋಟೋಗಳಿಂದ ಬರುವುದಿಲ್ಲ. ಅದಕ್ಕೆ ಫಿಲ್ಟರ್ ತೆಗೆಸಿದ ಕ್ಯಾಮೆರಾ, ನೇರಳಾತೀತ ಹಾಯುವ ಲೆನ್ಸ್, ಆ ಕ್ಯಾಮೆರಾ ಯಾವ ಬಣ್ಣಕ್ಕೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ, ಇಷ್ಟೂ ಬೇಕು.

ಮೊದಲ ಸುತ್ತಿನ ಜೆಪೆಗ್‌ಗಳನ್ನು ಅಳಿಸಿಲ್ಲ. ಯಾವ ತಿಂಗಳು ಯಾವ ಗೋಡೆ ಮೇಲೆ ಗಂಡು ಇತ್ತು, ಯಾವಾಗ ಹೆಣ್ಣು ಹತ್ತಿರ ಇತ್ತು, ಎಷ್ಟು ಎತ್ತರದಲ್ಲಿ ಕೂತಿತ್ತು ಅನ್ನುವುದೆಲ್ಲ ಅವುಗಳಲ್ಲಿ ಸ್ಪಷ್ಟವಾಗಿದೆ. ಈಗ ಕೆಲಸ ಮುಂದುವರಿಸುತ್ತಿರುವ ಹುಡುಗ ಅವುಗಳಿಂದ ಕೂರುವ ಜಾಗಗಳ ಪಟ್ಟಿ ಮಾಡುತ್ತಿದ್ದಾನೆ. ಬಣ್ಣದ ಕಾಲಂ ಅದರಲ್ಲಿ ಇಲ್ಲ.